ಕ್ರ್ಯಾಂಕ್ ಹೋಯಿತು ಎನ್ನುವ ಮುನ್ನ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಹಳೆಯ ಗಾಡಿಗಳಿಗೆ ಇನ್ನೂ ಕೆಲಸವಿದೆ. ತೊಗರಿ ಚೀಲ ಹೇರುವ ಜೀಪು, ಚಿಂಚೋಳಿಯ ಘಟ್ಟದ ಊರುಗಳಿಗೆ ಜನರನ್ನು ಒಯ್ಯುವ ಕ್ರೂಸರ್, ಮನೆಯಲ್ಲಿ ಮೊದಲ ಕಾರೆಂದು ಉಳಿಸಿಕೊಂಡ ಮಾರುತಿ 800, ಅಪ್ಪನ ಕಾಲದ ಅಂಬಾಸಿಡರ್. ಕೊನೆಯ ಎರಡೂ ಗಾಡಿಗಳ ತಯಾರಿಕೆ 2014ರಲ್ಲೇ ನಿಂತಿತು. ಆದ್ದರಿಂದ ಎಂಜಿನ್ ಬಿಚ್ಚಿದ ದಿನ ಮಿಸ್ತ್ರಿ ‘ಕ್ರ್ಯಾಂಕ್ ಹೋಗ್ಯಾದ’ ಎಂದರೆ ಮಾಲೀಕನಿಗೆ ಗಾಡಿಯೇ ಹೋದಂತೆ. ಕೆಲವರು ಅಲ್ಲಿಗೇ ಗುಜರಿಗೆ ಕೊಡುತ್ತಾರೆ, ಕೆಲವರು ಸಿಕ್ಕಿದ ಕ್ರ್ಯಾಂಕ್ ತಂದು ಹಾಕುತ್ತಾರೆ, ಇನ್ನು ಕೆಲವರು ಬೇರಿಂಗ್ ಮಾತ್ರ ಬದಲಿಸಿ ಮಳೆಗಾಲ ದಾಟಿದರೆ ಸಾಕೆನ್ನುತ್ತಾರೆ. ಮೂರೂ ನಿರ್ಧಾರಗಳು ಸಾಮಾನ್ಯವಾಗಿ ಅಳತೆಯಿಲ್ಲದೆ ಆಗುತ್ತವೆ. ಕ್ರ್ಯಾಂಕ್‌ಶಾಫ್ಟ್ ಎಂಜಿನ್ನಿನಲ್ಲಿ ಅತ್ಯಂತ ಕರಾರುವಾಕ್ಕಾಗಿ ಅಳೆಯಬಹುದಾದ ಭಾಗಗಳಲ್ಲೊಂದು. ಅದರ ಬಗ್ಗೆ ಅಂದಾಜಿನ ಮೇಲೆ ತೀರ್ಪು ಕೊಡುವುದು ನನ್ನ ಮಟ್ಟಿಗೆ ದೊಡ್ಡ ಅನ್ಯಾಯ.

ಈ ಭಾಗದಲ್ಲಿ ಮತ್ತೆ ಮತ್ತೆ ಕೇಳಿಬರುವ ಕೆಲವು ಮಾತುಗಳನ್ನು ಒಂದೊಂದಾಗಿ ನೋಡೋಣ.

‘ಗಾಡಿ ಹಳೀದಾಯ್ತು, ಕ್ರ್ಯಾಂಕ್ ಸವೀಲಾರದ ಇರ್ತದೇನು?’

ವಾಸ್ತವ: ಸರಿಯಾಗಿ ಓಡುವ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಜರ್ನಲ್, ಅಂದರೆ ಬೇರಿಂಗಿನೊಳಗೆ ತಿರುಗುವ ದುಂಡು ಭಾಗ, ಬೇರಿಂಗಿಗೆ ತಾಗುವುದೇ ಇಲ್ಲ. ಪಂಪಿನಿಂದ ಬರುವ ಆಯಿಲ್ ಅವೆರಡರ ನಡುವೆ ತೆಳುವಾದ ಪದರವಾಗಿ ನಿಲ್ಲುತ್ತದೆ, ಕ್ರ್ಯಾಂಕ್ ಆ ಪದರದ ಮೇಲೆ ತಿರುಗುತ್ತದೆ. 50 ಮಿ.ಮೀ. ಆಸುಪಾಸಿನ ಜರ್ನಲ್ಲಿಗೆ ಆ ಸಂದು ಸುಮಾರು 0.03ರಿಂದ 0.07 ಮಿ.ಮೀ. ಇರುತ್ತದೆ. ಲೋಹಕ್ಕೆ ಲೋಹ ತಾಗುವುದು ಸ್ಟಾರ್ಟ್ ಮಾಡಿದ ಮೊದಲ ಕ್ಷಣಗಳಲ್ಲಿ, ಆಯಿಲ್ ಇಲ್ಲದಾಗ, ಅಥವಾ ಆಯಿಲ್ ಕಾದು ತೀರ ತೆಳುವಾದಾಗ. ವಯಸ್ಸು ಕ್ರ್ಯಾಂಕನ್ನು ತಿನ್ನುವುದಿಲ್ಲ. ಅದನ್ನು ತಿನ್ನುವುದು ಹೊಲಸು ಆಯಿಲ್, ಕಡಿಮೆ ಆಯಿಲ್ ಮತ್ತು ಧೂಳು.

‘ಫರಸಿ ಧೂಳು ಮೆತ್ತಗಿರ್ತದ, ಎಂಜಿನ್ನಿಗೆ ಏನೂ ಆಗಂಗಿಲ್ಲ.’

ವಾಸ್ತವ: ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಇದು ಅಪಾಯಕಾರಿ. ಫರಸಿ, ಅಂದರೆ ಶಹಾಬಾದ್ ಕಲ್ಲು, ಸುಣ್ಣದ ಕಲ್ಲು. ಅದರ ಮುಖ್ಯ ಖನಿಜ ಕ್ಯಾಲ್ಸೈಟ್, ಮೋಸ್ ಮಾನದಲ್ಲಿ ಅದರ ಗಡಸು 3. ಗಟ್ಟಿ ಮಾಡಿದ ಉಕ್ಕಿನ ಮುಂದೆ ಅದು ಮೆತ್ತಗಿನದೇ. ಆದರೆ ರಸ್ತೆಯಿಂದ ಏಳುವ ಧೂಳಿನಲ್ಲಿ ಬರೀ ಸುಣ್ಣದ ಕಲ್ಲಿರುವುದಿಲ್ಲ. ಮಣ್ಣಿನ ಮರಳು, ಅಂದರೆ ಸ್ಫಟಿಕ ಶಿಲೆಯ ಕಣ, ಅದರೊಂದಿಗೆ ಬೆರೆತಿರುತ್ತದೆ. ಅದರ ಗಡಸು 7, ಕ್ರ್ಯಾಂಕಿನ ಉಕ್ಕನ್ನು ಗೀರಲು ಅಷ್ಟು ಸಾಕು. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಿಗೆ ಹೋಗಿಬರುವ ಲಾರಿಗಳು ಆ ಮಣ್ಣನ್ನು ಎಬ್ಬಿಸುತ್ತಲೇ ಇರುತ್ತವೆ, ಕಲ್ಲುಗಣಿಗಳ ಕಚ್ಚಾ ದಾರಿಗಳಲ್ಲಿ ಅದು ಇನ್ನೂ ಹೆಚ್ಚು.

ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿಯೊಂದಿದೆ. ಬೇರಿಂಗಿನ ಮೇಲ್ಪದರವನ್ನು ಬೇಕೆಂದೇ ಮೆತ್ತಗಿನ ಲೋಹದಿಂದ ಮಾಡಿರುತ್ತಾರೆ. ಆಯಿಲ್‌ನಲ್ಲಿ ಬಂದ ಸಣ್ಣ ಕಣ ಅದರೊಳಗೆ ಹೂತುಹೋಗಲಿ, ಕ್ರ್ಯಾಂಕಿಗೆ ಗೀರದಿರಲಿ ಎಂಬ ಉದ್ದೇಶ. ಒಂದೆರಡು ಕಣವಾದರೆ ಅದು ನಡೆಯುತ್ತದೆ. ಕಣ ಹೆಚ್ಚಾದರೆ ಪೂರ್ತಿ ಹೂಳಲು ಜಾಗ ಸಾಲದೆ ಅವುಗಳ ತುದಿ ಹೊರಗೆ ಉಳಿಯುತ್ತದೆ. ಆಗ ಮೆತ್ತಗಿನ ಬೇರಿಂಗೇ ಸಾಣೆಕಲ್ಲಾಗಿ ಗಟ್ಟಿ ಕ್ರ್ಯಾಂಕನ್ನು ಉಜ್ಜುತ್ತದೆ. ಎಂಜಿನ್ ಬಿಚ್ಚಿದಾಗ ಬೇರಿಂಗ್ ನೋಡಲು ಪರವಾಗಿಲ್ಲವೆನ್ನುವಂತಿದ್ದು, ಕ್ರ್ಯಾಂಕ್ ಸುತ್ತಲೂ ಗೀರು ಬಿದ್ದಿದ್ದರೆ ಕಾರಣ ಹೆಚ್ಚಾಗಿ ಇದೇ.

ಧೂಳು ಆಯಿಲ್‌ಗೆ ಸೇರುವ ದಾರಿ ಏರ್ ಫಿಲ್ಟರ್. ಅಲ್ಲಿ ತಪ್ಪಿಸಿಕೊಂಡದ್ದು ಸಿಲಿಂಡರಿಗೆ ಹೋಗಿ, ರಿಂಗುಗಳ ಸಂದಿನಿಂದ ಕೆಳಗಿಳಿದು, ಆಯಿಲ್ ಸಂಪಿಗೆ ಬೀಳುತ್ತದೆ. ಹಳೆಯ ಜೀಪು, ಅಂಬಾಸಿಡರಿನಲ್ಲಿ ಆಯಿಲ್ ಬಟ್ಟಲಿನ ಏರ್ ಕ್ಲೀನರ್ ಇದ್ದರೆ ಬಟ್ಟಲಿನ ತಳದಲ್ಲಿ ಕೆಸರು ಎಷ್ಟು ಕೂತಿದೆ ಎಂದು ನೋಡಿ. ಪೇಪರ್ ಫಿಲ್ಟರ್ ಇರುವ ಗಾಡಿಯಲ್ಲಿ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪಿನ ಬಿರುಕು ನೋಡಿ. ಕಂಪನಿ ಪುಸ್ತಕದಲ್ಲಿ ಬರೆದ ಅವಧಿ ಸಾಧಾರಣ ರಸ್ತೆಗೆ. ಗಣಿ ರಸ್ತೆಯಲ್ಲಿ ದಿನವೂ ಓಡುವ ಗಾಡಿಗೆ ಅದರ ಅರ್ಧಕ್ಕೇ ಫಿಲ್ಟರ್ ಮತ್ತು ಆಯಿಲ್ ಬದಲಿಸುವುದು ನ್ಯಾಯ.

‘ಟಕ್ ಟಕ್ ಅಂತದ, ಕ್ರ್ಯಾಂಕ್ ಹೋತು.’

ವಾಸ್ತವ: ಎಂಜಿನ್ನಿನಲ್ಲಿ ಟಕ್ ಎನ್ನುವ ಭಾಗಗಳು ಬಹಳ. ವಾಲ್ವ್ ಎರಡು ಸುತ್ತಿಗೊಮ್ಮೆ ತೆರೆಯುವುದರಿಂದ ಟ್ಯಾಪೆಟ್ಟಿನ ಸದ್ದು ಹಗುರವಾಗಿ, ಮೇಲಿನಿಂದ, ಎಂಜಿನ್ ವೇಗದ ಅರ್ಧ ಲಯದಲ್ಲಿ ಬರುತ್ತದೆ. ಪಿಸ್ಟನ್ ಸಡಿಲಾಗಿದ್ದರೆ ಬೆಳಿಗ್ಗೆ ತಣ್ಣಗಿರುವಾಗ ಜೋರಾಗಿದ್ದು ಕಾದ ಮೇಲೆ ಕಡಿಮೆಯಾಗುತ್ತದೆ. ಕನೆಕ್ಟಿಂಗ್ ರಾಡು ಕ್ರ್ಯಾಂಕಿಗೆ ಕೂಡುವ ಕಡೆಯ ಬಿಗ್ ಎಂಡ್ ಬೇರಿಂಗ್ ಹೋದರೆ ಎಂಜಿನ್ ಕಾದಂತೆ ಸದ್ದು ಏರುತ್ತದೆ, ಆಕ್ಸಿಲರೇಟರ್ ಒತ್ತಿ ಬಿಟ್ಟಾಗ ಸ್ಪಷ್ಟವಾಗಿ ಕೇಳುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಒಂದೊಂದೇ ಪ್ಲಗ್ಗಿನ ಕೆಲಸ ನಿಲ್ಲಿಸಿ, ಡೀಸೆಲ್ ಗಾಡಿಯಲ್ಲಿ ಒಂದೊಂದೇ ಇಂಜೆಕ್ಟರಿನ ಪೈಪ್ ಸಡಿಲಿಸಿ ಮಿಸ್ತ್ರಿ ಪರೀಕ್ಷಿಸುತ್ತಾನೆ. ಯಾವ ಸಿಲಿಂಡರ್ ನಿಲ್ಲಿಸಿದಾಗ ಸದ್ದು ತಗ್ಗುತ್ತದೋ ಅಲ್ಲಿ ದೋಷ. ಕ್ರ್ಯಾಂಕನ್ನು ಬ್ಲಾಕಿನಲ್ಲಿ ಹಿಡಿದಿರುವ ಮೇನ್ ಬೇರಿಂಗಿನದು ಭಾರ ಬಿದ್ದಾಗ ಕೆಳಗಿನಿಂದ ಬರುವ ಮಂದ, ಆಳದ ಗುದ್ದು.

ಕಿವಿಯ ತೀರ್ಪು ಎಂಜಿನ್ ಬಿಚ್ಚಲು ಕಾರಣವಾಗಬಹುದು, ಕ್ರ್ಯಾಂಕ್ ಬಿಸಾಡಲು ಅಲ್ಲ. ಆದರೆ ಒಂದು ವಿಷಯದಲ್ಲಿ ತಡ ಮಾಡಬೇಡಿ. ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ದೀಪ ಹೊತ್ತಿದರೆ ಅಲ್ಲೇ ಬದಿಗೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿ. ‘ಚಿತ್ತಾಪುರ ಇಲ್ಲೇ ಅದ, ಮುಟ್ಟಿಸಿಬಿಡ್ತೀನಿ’ ಎನ್ನಬೇಡಿ. ಆ ದೀಪ ಹೊತ್ತುವುದು ಒತ್ತಡ ಬಹುತೇಕ ಇಲ್ಲವಾದ ಮೇಲೆ, ಸಾಮಾನ್ಯವಾಗಿ 0.3ರಿಂದ 0.5 ಬಾರ್ ಹತ್ತಿರ ಇಳಿದಾಗ. ಅದು ಮುನ್ನೆಚ್ಚರಿಕೆಯ ದೀಪವಲ್ಲ, ಹಾನಿ ಶುರುವಾಗಿದೆ ಎನ್ನುವ ದೀಪ. ಬೇರಿಂಗ್ ಮಾತ್ರ ಬದಲಿಸಿ ಮುಗಿಸಬಹುದಾದ ಕೆಲಸ ಕ್ರ್ಯಾಂಕಿಗೆ, ರಾಡಿಗೆ, ಕೊನೆಗೆ ಬ್ಲಾಕಿಗೆ ಏರುವುದು ಹೀಗೆ ಎಳೆದುಕೊಂಡು ಹೋದ ಕಿಲೋಮೀಟರುಗಳಲ್ಲೇ.

‘ಬೇರಿಂಗ್ ಹೊಸಾವು ಹಾಕಿದ್ರ ಸಾಕು.’

ವಾಸ್ತವ: ಜರ್ನಲ್ ಅಳತೆಯಲ್ಲಿ ಸರಿಯಿದ್ದರೆ ಸಾಕು. ಇಲ್ಲದಿದ್ದರೆ ಹೊಸ ಬೇರಿಂಗೂ ಬೇಗ ಹೋಗುತ್ತದೆ. ಸವೆದ ಜರ್ನಲ್ ದುಂಡಗೆ ಉಳಿಯುವುದಿಲ್ಲ. ಪಿಸ್ಟನ್ನಿನ ಹೊಡೆತ ಬೀಳುವ ಕಡೆ ಹೆಚ್ಚು ಸವೆದು ಮೊಟ್ಟೆಯಾಕಾರವಾಗುತ್ತದೆ, ಒಂದು ತುದಿಯಿಂದ ಇನ್ನೊಂದಕ್ಕೆ ಓರೆಯೂ ಆಗುತ್ತದೆ. ಆದ್ದರಿಂದ ಮೈಕ್ರೋಮೀಟರನ್ನು ಒಂದೇ ಕಡೆ ಇಟ್ಟು ನೋಡಿದರೆ ಏನೂ ತಿಳಿಯದು. ಪ್ರತಿ ಜರ್ನಲ್ಲಿನ ಎರಡು ತುದಿಗಳಲ್ಲಿ, ಪ್ರತಿ ತುದಿಯಲ್ಲೂ ಅಡ್ಡ ಒಮ್ಮೆ ಉದ್ದ ಒಮ್ಮೆ ಅಳೆಯಬೇಕು. ವ್ಯತ್ಯಾಸ ಒಂದು ಮಿಲಿಮೀಟರಿನ ನೂರನೆಯ ಭಾಗಗಳಲ್ಲಿರುತ್ತದೆ. ವರ್ನಿಯರ್ ಕ್ಯಾಲಿಪರಿಗೆ ಅದು ಸಿಕ್ಕುವುದಿಲ್ಲ, ಬೆರಳ ಉಗುರಿಗಂತೂ ಇಲ್ಲವೇ ಇಲ್ಲ. ಉಗುರಿಗೆ ತಡೆಯುವ ಗೀರು ಸಿಕ್ಕಿದರೆ ಅದು ಗ್ರೈಂಡಿಂಗಿಗೆ ಹೋಗಲೇಬೇಕಾದ ಕ್ರ್ಯಾಂಕ್. ಉಗುರಿಗೆ ಸಿಕ್ಕಲಿಲ್ಲವೆಂದ ಮಾತ್ರಕ್ಕೆ ಕ್ರ್ಯಾಂಕ್ ಚೆನ್ನಾಗಿದೆ ಎಂದಲ್ಲ.

ಇದರ ಜೊತೆಗೇ ಎರಡು ಕೆಟ್ಟ ರೂಢಿಗಳನ್ನು ಹೇಳಬೇಕು. ಸಡಿಲವಾದ ಬೇರಿಂಗನ್ನು ಬಿಗಿ ಮಾಡಲು ರಾಡಿನ ಕ್ಯಾಪನ್ನು ಫೈಲಿನಿಂದ ಉಜ್ಜುವುದು ಒಂದು, ಬೇರಿಂಗಿನ ಬೆನ್ನಿಗೆ ಕಾಗದವನ್ನೋ ತಗಡಿನ ಚೂರನ್ನೋ ಇಡುವುದು ಇನ್ನೊಂದು. ಬೇರಿಂಗ್ ತನ್ನ ಶಾಖವನ್ನು ಬಿಟ್ಟುಕೊಡುವುದು ಬೆನ್ನಿನ ಮೂಲಕ, ರಾಡಿನ ಲೋಹಕ್ಕೆ ಒತ್ತಿ ಕೂತು. ನಡುವೆ ಕಾಗದ ಬಂದರೆ ಶಾಖ ಹೋಗದೆ ಬೇರಿಂಗ್ ಸುಡುತ್ತದೆ. ಕ್ಯಾಪ್ ಉಜ್ಜಿದರೆ ದುಂಡಗಿದ್ದ ರಂಧ್ರ ಚಪ್ಪಟೆಯಾಗುತ್ತದೆ, ಆ ರಾಡ್ ಮತ್ತೆ ಯಾವ ಹೊಸ ಬೇರಿಂಗಿಗೂ ಸರಿಹೊಂದದು. ಮೇನ್ ಕ್ಯಾಪುಗಳಿಗೂ ಇದೇ ಮಾತು. ಪ್ರತಿ ಕ್ಯಾಪನ್ನು ಅದರದೇ ಜಾಗದಲ್ಲಿಟ್ಟು ಬೋರ್ ಮಾಡಿರುತ್ತಾರೆ. ಬಿಚ್ಚುವಾಗ ಗುರುತು ಹಾಕದೆ ರಾಶಿ ಹಾಕಿದರೆ ಮುಂದಿನ ಕೆಲಸವೆಲ್ಲ ಕೆಟ್ಟಿತು.

ಎಮರಿ ಪೇಪರಿನ ಪಟ್ಟಿಯಿಂದ ಕೈಯಲ್ಲಿ ಉಜ್ಜಿ ‘ಪಾಲಿಶ್’ ಮಾಡುವುದು ಗೀರು ಮರೆಮಾಚುತ್ತದೆ, ಆಕಾರ ಸರಿಪಡಿಸುವುದಿಲ್ಲ.

‘ಗ್ರೈಂಡ್ ಮಾಡಿಸಿದ್ ಕ್ರ್ಯಾಂಕ್ ಬಾಳಂಗಿಲ್ಲ, ಹೊಸದೇ ಬೇಕು.’

ವಾಸ್ತವ: ಹಾಗಿದ್ದರೆ ಕಂಪನಿಗಳು ಅಂಡರ್‌ಸೈಜ್ ಬೇರಿಂಗ್ ಮಾಡುತ್ತಲೇ ಇರಲಿಲ್ಲ. ಹಳೆಯ ಎಂಜಿನ್ನುಗಳ ಕ್ರ್ಯಾಂಕ್ ಗ್ರೈಂಡಿಂಗ್ ಮೊದಲಿನಿಂದಲೂ ಲೆಕ್ಕದಲ್ಲಿದ್ದ ಕೆಲಸ. ಗ್ಯಾರೇಜಿನ ಮಾತಿನಲ್ಲಿ ಟೆನ್, ಟ್ವೆಂಟಿ, ಥರ್ಟಿ, ಫಾರ್ಟಿ ಸೈಜ್ ಎನ್ನುವುದು ಇಂಚಿನ ಸಾವಿರದ ಭಾಗಗಳಲ್ಲಿ. ಮಿಲಿಮೀಟರಿನಲ್ಲಿ ಸುಮಾರು 0.25, 0.50, 0.75, 1.00. ಜರ್ನಲ್ಲಿನ ವ್ಯಾಸವನ್ನು ಅಷ್ಟು ಇಳಿಸಿ, ಅದಕ್ಕೆ ತಕ್ಕಂತೆ ದಪ್ಪ ಹೆಚ್ಚಿದ ಬೇರಿಂಗ್ ಹಾಕಿದರೆ ಸಂದು ಮತ್ತೆ ಹೊಸದರಷ್ಟೇ ಆಗುತ್ತದೆ. ಜಪಾನಿ ವಿನ್ಯಾಸದ ಸಣ್ಣ ಎಂಜಿನ್ನುಗಳಲ್ಲಿ ಒಂದೇ ಅಂಡರ್‌ಸೈಜ್ ಸಿಗುವುದುಂಟು. ಆದ್ದರಿಂದ ಬೇರಿಂಗ್ ಕೈಗೆ ಬಂದ ಮೇಲೇ ಗ್ರೈಂಡಿಂಗಿಗೆ ಕೊಡಬೇಕು. ಮೊದಲು ಗ್ರೈಂಡ್ ಮಾಡಿಸಿ, ಆಮೇಲೆ ಆ ಸೈಜಿನ ಬೇರಿಂಗಿಗಾಗಿ ಕಲಬುರಗಿಯಿಂದ ಹೈದರಾಬಾದಿನವರೆಗೆ ಹುಡುಕುವ ಪಾಡು ಯಾರಿಗೂ ಬೇಡ.

ಗ್ರೈಂಡ್ ಮಾಡಿದ ಕ್ರ್ಯಾಂಕ್ ಮುರಿಯುವುದು ನಿಜ, ಆದರೆ ಕಾರಣ ಗ್ರೈಂಡಿಂಗ್ ಅಲ್ಲ, ಗ್ರೈಂಡಿಂಗಿನ ಒರಟುತನ. ಜರ್ನಲ್ ಮುಗಿದು ಪಕ್ಕದ ಗೋಡೆ ಶುರುವಾಗುವ ಮೂಲೆ ಚೂಪಾಗಿರಬಾರದು. ಅಲ್ಲಿ ಒಂದು ದುಂಡು ತಿರುವು ಇರಬೇಕು, ಲೇತಿನವರು ಅದಕ್ಕೆ ರೇಡಿಯಸ್ ಎನ್ನುತ್ತಾರೆ. ಪಿಸ್ಟನ್ನಿನ ಪ್ರತಿ ಹೊಡೆತಕ್ಕೂ ಕ್ರ್ಯಾಂಕ್ ಒಂದಿಷ್ಟು ಬಾಗಿ ತಿರುಚಿಕೊಳ್ಳುತ್ತದೆ, ಆ ಒತ್ತಡವೆಲ್ಲ ಈ ಮೂಲೆಗೆ ಬಂದು ಸೇರುತ್ತದೆ. ಗ್ರೈಂಡಿಂಗ್ ಚಕ್ರದ ಅಂಚು ಚೂಪಾಗಿದ್ದು ಆ ರೇಡಿಯಸ್ಸನ್ನು ಕತ್ತರಿಸಿದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಅಂಬಾಸಿಡರಿನ 1489 ಸಿಸಿ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರಿನ ಕ್ರ್ಯಾಂಕಿಗೆ ಮೂರೇ ಮೇನ್ ಬೇರಿಂಗುಗಳು. ಮಾರುತಿ 800ರಲ್ಲಿ ಮೂರು ಸಿಲಿಂಡರಿಗೆ ನಾಲ್ಕು. ಆಧಾರ ಕಡಿಮೆಯಿದ್ದಷ್ಟೂ ಬಾಗು ಹೆಚ್ಚು, ಆದ್ದರಿಂದ ಅಂಬಾಸಿಡರಿನ ಕ್ರ್ಯಾಂಕಿನಲ್ಲಿ ರೇಡಿಯಸ್ ವಿಷಯಕ್ಕೆ ರಾಜಿ ಮಾಡಿಕೊಳ್ಳಲೇಬಾರದು.

ಇನ್ನೊಂದು ನೋಡಬೇಕಾದದ್ದು ಗಡಸು ಪದರ. ಇಂಡಕ್ಷನ್ ವಿಧಾನದಲ್ಲಿ ಗಟ್ಟಿ ಮಾಡಿದ ಜರ್ನಲ್ಲಿನಲ್ಲಿ ಆ ಪದರ ಮಿಲಿಮೀಟರುಗಟ್ಟಲೆ ಆಳವಿರುತ್ತದೆ, ಗ್ರೈಂಡ್ ಮಾಡಿದರೂ ಉಳಿಯುತ್ತದೆ. ನೈಟ್ರೈಡ್ ಮಾಡಿದ ಕ್ರ್ಯಾಂಕಿನಲ್ಲಿ ಪದರ ತೀರ ತೆಳು. ಆಳವಾಗಿ ಗ್ರೈಂಡ್ ಮಾಡಿದರೆ ಅದು ಹೋಗಿ ಕೆಳಗಿನ ಮೆತ್ತಗಿನ ಲೋಹ ಹೊರಬರುತ್ತದೆ, ಮತ್ತೆ ನೈಟ್ರೈಡ್ ಮಾಡಿಸದೆ ಹಾಕುವಂತಿಲ್ಲ. ನಿಮ್ಮದು ಯಾವುದು ಎಂದು ಗ್ರೈಂಡಿಂಗಿಗೆ ಮುನ್ನವೇ ಕೇಳಿ.

ಒಂದು ಮಾತು ನೇರವಾಗಿ ಹೇಳುತ್ತೇನೆ. ಹೆಸರಿಲ್ಲದ ಡಬ್ಬಿಯಲ್ಲಿ ಬರುವ ‘ಹೊಸ’ ಕ್ರ್ಯಾಂಕಿಗಿಂತ ಬಿರುಕಿಲ್ಲದ, ಟೆನ್ ಸೈಜಿಗೆ ಚೆನ್ನಾಗಿ ಗ್ರೈಂಡ್ ಮಾಡಿದ ಕಂಪನಿ ಕ್ರ್ಯಾಂಕೇ ಮೇಲು. ಹೊಸದು ತಂದರೂ ಹಾಕುವ ಮುನ್ನ ಹಳೆಯದರಂತೆಯೇ ಅಳೆಯಬೇಕು.

‘ಬಾಯ್ಲರೇ ವೆಲ್ಡ್ ಮಾಡ್ತಾರ, ಕ್ರ್ಯಾಂಕಿಂದೇನು?’

ವಾಸ್ತವ: ಶಹಾಬಾದಿನಲ್ಲಿ ಈ ಮಾತು ಹುಟ್ಟುವುದು ಸಹಜ. ಎಸಿಸಿಯ ಸಿಮೆಂಟ್ ಕಾರ್ಖಾನೆಯ ಜೊತೆಗೆ ಬಾಯ್ಲರ್ ಕಾರ್ಖಾನೆಯೂ ಬೆಳೆದ ಊರು ಅದು, ಭಾರೀ ವೆಲ್ಡಿಂಗ್ ಅಲ್ಲಿನ ಎಷ್ಟೋ ಮನೆಗಳ ಕಸುಬು. ಆ ಕಸುಬಿನ ಬಗ್ಗೆ ನನಗೆ ಗೌರವವಿದೆ. ಆದರೆ ಬಾಯ್ಲರಿನ ಜೋಡಣೆಯನ್ನು ವೆಲ್ಡಿಂಗಿಗೆಂದೇ ವಿನ್ಯಾಸ ಮಾಡಿರುತ್ತಾರೆ, ಆಮೇಲೆ ಕುಲುಮೆಯಲ್ಲಿ ಕಾಯಿಸಿ ಒಳಒತ್ತಡ ಇಳಿಸುತ್ತಾರೆ, ಎಕ್ಸ್‌ರೇ ತೆಗೆದು ನೋಡುತ್ತಾರೆ. ಕ್ರ್ಯಾಂಕ್ ಪ್ರತಿ ನಿಮಿಷಕ್ಕೆ ಸಾವಿರಾರು ಸಲ ಬಾಗಿ ತಿರುಚುವ ಭಾಗ. ಬಿರುಕು ಬಿಟ್ಟ ಕ್ರ್ಯಾಂಕನ್ನು ವೆಲ್ಡ್ ಮಾಡಿ ಎಂಜಿನ್ನಿಗೆ ಹಾಕುವುದು ಬ್ಲಾಕಿಗೂ ಗಾಡಿಯಲ್ಲಿ ಕೂತವರಿಗೂ ಅಪಾಯ. ವೆಲ್ಡಿನ ಪಕ್ಕದಲ್ಲಿ ಶಾಖ ತಿಂದ ಲೋಹ ಇನ್ನಷ್ಟು ಬೇಗ ಬಿರುಕು ಬಿಡುತ್ತದೆ.

ಬಿರುಕಿಲ್ಲದೆ ಬರೀ ಸವೆದ ಜರ್ನಲ್ಲಿಗೆ ಲೋಹ ತುಂಬಿಸಿ ಮತ್ತೆ ಸ್ಟ್ಯಾಂಡರ್ಡ್ ಸೈಜಿಗೆ ತರುವುದು ಬೇರೆ ಕೆಲಸ. ಅದಕ್ಕೆ ಮೊದಲು ಕಾಯಿಸುವುದು, ನಿಯಂತ್ರಿತ ವೆಲ್ಡಿಂಗ್, ಒತ್ತಡ ಇಳಿಸುವುದು, ನೇರ ಮಾಡುವುದು, ಗ್ರೈಂಡಿಂಗ್, ಮತ್ತೆ ಬಿರುಕಿನ ಪರೀಕ್ಷೆ ಎಲ್ಲವೂ ಇರಬೇಕು. ಕ್ರ್ಯಾಂಕ್ ಬೇರೆಲ್ಲೂ ಸಿಗದ ಅಪರೂಪದ ಗಾಡಿಗೆ ಅದು ಸರಿ. ಮಾರುತಿ 800ಕ್ಕೆ ಬೇಡದ ಖರ್ಚು.

ಬಿರುಕು ಇದೆಯೋ ಇಲ್ಲವೋ ನೋಡುವುದು ಹೇಗೆ? ಹಗ್ಗಕ್ಕೆ ತೂಗುಹಾಕಿ ಸುತ್ತಿಗೆಯಿಂದ ತಟ್ಟಿ ನಾದ ಕೇಳುವುದು ಹಳೆಯ ಪದ್ಧತಿ. ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಸುಣ್ಣದ ಪುಡಿ ಬಳಿದರೆ ಬಿರುಕಿನೊಳಗೆ ಕೂತ ಎಣ್ಣೆ ಗೆರೆಯಾಗಿ ಕಾಣುವುದು ಅದಕ್ಕಿಂತ ಉತ್ತಮ. ದೊಡ್ಡ ಬಿರುಕಿಗೆ ಇವು ಸಾಕು. ಕೂದಲೆಳೆಯ ಬಿರುಕಿಗೆ ಕಾಂತೀಯ ಪರೀಕ್ಷೆಯೇ ಬೇಕು. ಕ್ರ್ಯಾಂಕನ್ನು ಅಯಸ್ಕಾಂತಗೊಳಿಸಿ ಕಬ್ಬಿಣದ ನುಣ್ಣನೆಯ ಪುಡಿ ಹರಿಸಿದರೆ ಬಿರುಕಿದ್ದಲ್ಲಿ ಪುಡಿ ಸಾಲುಗಟ್ಟುತ್ತದೆ. ಪರೀಕ್ಷೆಯ ನಂತರ ಅಯಸ್ಕಾಂತ ಗುಣವನ್ನು ತೆಗೆಯಲೇಬೇಕು, ಇಲ್ಲದಿದ್ದರೆ ಓಡುವಾಗ ಉಕ್ಕಿನ ಕಣಗಳನ್ನೆಲ್ಲ ಕ್ರ್ಯಾಂಕೇ ಎಳೆದುಕೊಳ್ಳುತ್ತದೆ.

‘ಕ್ಲಚ್ಚಿಗೂ ಕ್ರ್ಯಾಂಕಿಗೂ ಏನ್ ಸಂಬಂಧ?’

ವಾಸ್ತವ: ನೇರ ಸಂಬಂಧ. ಕ್ಲಚ್ ಒತ್ತಿದಾಗಲೆಲ್ಲ ಕ್ರ್ಯಾಂಕ್ ಮುಂದಕ್ಕೆ ತಳ್ಳಲ್ಪಡುತ್ತದೆ. ಆ ತಳ್ಳುವಿಕೆಯನ್ನು ತಡೆಯುವುದು ಅರ್ಧಚಂದ್ರಾಕಾರದ ಥ್ರಸ್ಟ್ ವಾಷರುಗಳು. ರೈಲು ದಾರಿಗಳು ಕೂಡುವ ನಮ್ಮ ಭಾಗದಲ್ಲಿ ಗೇಟು ಬಿದ್ದಾಗ ಗೇರಿನಲ್ಲೇ ಇಟ್ಟು ಕ್ಲಚ್ ಒತ್ತಿಕೊಂಡು ಕಾಯುವ ಚಾಲಕರು ಬಹಳ. ವಾಷರ್ ಪೂರ್ತಿ ಸವೆದರೆ ಕ್ರ್ಯಾಂಕಿನ ಗೋಡೆ ಬ್ಲಾಕಿಗೇ ಉಜ್ಜುತ್ತದೆ. ಎಂಜಿನ್ ಬಂದ್ ಮಾಡಿ, ಒಬ್ಬರು ಕ್ಲಚ್ ಒತ್ತಿಬಿಡಲಿ, ಇನ್ನೊಬ್ಬರು ಮುಂದಿನ ಪುಲ್ಲಿಯನ್ನು ನೋಡಲಿ. ಅದು ಕಣ್ಣಿಗೆ ಕಾಣುವಷ್ಟು ಹಿಂದೆ ಮುಂದೆ ಸರಿದರೆ ತಡ ಮಾಡದೆ ಅಳೆಸಿ. ಬಹುತೇಕ ಎಂಜಿನ್ನುಗಳಲ್ಲಿ ಈ ಆಟ 0.1ರಿಂದ 0.3 ಮಿ.ಮೀ. ಒಳಗೇ ಇರಬೇಕು. ಗೇಟಿನಲ್ಲಿ ನ್ಯೂಟ್ರಲ್ ಮಾಡಿ ಕಾಲು ತೆಗೆಯಿರಿ.

‘ದಪ್ಪ ಆಯಿಲ್ ಹಾಕ್ರಿ, ಸದ್ದು ನಿಂತದ.’

ವಾಸ್ತವ: ಸದ್ದು ತಗ್ಗುತ್ತದೆ, ಸವೆತ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಈ ಸೀಮೆಯ ಹಳೆಯ ಎಂಜಿನ್ನಿಗೆ ಪುಸ್ತಕ ಹೇಳಿದ 20ಡಬ್ಲ್ಯೂ-40 ಅಥವಾ 20ಡಬ್ಲ್ಯೂ-50 ಸಾಕು. ಅದಕ್ಕಿಂತ ದಪ್ಪನೆಯದು ಸ್ಟಾರ್ಟ್ ಆದಾಗ ಬೇರಿಂಗಿಗೆ ತಲುಪುವುದೇ ತಡ.

‘ಕ್ರ್ಯಾಂಕ್ ಆಯ್ತು, ಕೆಲಸ ಮುಗೀತು.’

ವಾಸ್ತವ: ಕ್ರ್ಯಾಂಕ್ ಯಾಕೆ ಹೋಯಿತು ಎನ್ನುವುದು ಸಿಗದಿದ್ದರೆ ಕೆಲಸ ಶುರುವೇ ಆಗಿಲ್ಲ. ಆಯಿಲ್ ಪಂಪ್ ಸವೆದಿದೆಯೇ, ಅದರ ಜಾಲರಿ ಕಟ್ಟಿದೆಯೇ, ಒತ್ತಡದ ವಾಲ್ವ್ ತೆರೆದೇ ನಿಂತಿದೆಯೇ ನೋಡಬೇಕು. ರಾಡುಗಳು ಬಾಗಿವೆಯೇ, ಮುಂದಿನ ಪುಲ್ಲಿಯ ರಬ್ಬರ್ ಬಿಟ್ಟಿದೆಯೇ ಎಂದೂ ನೋಡಬೇಕು. ಕ್ರ್ಯಾಂಕಿನ ತಿರುಚುವ ಕಂಪನವನ್ನು ಹೀರುವುದೇ ಆ ರಬ್ಬರ್.

ರೇಡಿಯೇಟರನ್ನೂ ಮರೆಯಬೇಡಿ. ಸುಣ್ಣದ ಕಲ್ಲಿನ ನೆಲದ ಬೋರ್‌ವೆಲ್ ನೀರು ಗಡಸು. ಅದನ್ನೇ ವರ್ಷಗಟ್ಟಲೆ ತುಂಬಿದರೆ ರೇಡಿಯೇಟರಿನ ಕೊಳವೆಗಳಲ್ಲೂ ಬ್ಲಾಕಿನೊಳಗೂ ಬಿಳಿ ಹರಳು ಕಟ್ಟುತ್ತದೆ. ಎಂಜಿನ್ ಕಾಯುತ್ತದೆ, ಆಯಿಲ್ ತೆಳುವಾಗುತ್ತದೆ, ಪದರ ಹರಿಯುತ್ತದೆ, ಬೇರಿಂಗ್ ಹೋಗುತ್ತದೆ. ನೀರಿನ ತಪ್ಪು ಕ್ರ್ಯಾಂಕಿನ ಮೇಲೆ ಬರುವುದು ಹೀಗೆ. ಕೂಲೆಂಟ್ ಹಾಕಿ, ಬೆರೆಸಲು ಡಿಸ್ಟಿಲ್ಡ್ ನೀರನ್ನೇ ಬಳಸಿ.

ಅತಿ ಹೆಚ್ಚು ಕೆಲಸ ಕೆಡಿಸುವುದು ಮಾತ್ರ ಕ್ರ್ಯಾಂಕಿನ ಒಳಗಿನ ಆಯಿಲ್ ದಾರಿ. ಮೇನ್ ಜರ್ನಲ್ಲಿನಿಂದ ಬಿಗ್ ಎಂಡಿಗೆ ಆಯಿಲ್ ಹೋಗಲು ಉಕ್ಕಿನೊಳಗೆ ಓರೆಯಾಗಿ ರಂಧ್ರ ಕೊರೆದಿರುತ್ತಾರೆ. ಹಳೆಯ ಕೆಸರು, ಗ್ರೈಂಡಿಂಗಿನ ಪುಡಿ ಎರಡೂ ಅಲ್ಲಿ ಕೂರುತ್ತವೆ. ಕೆಲವು ಕ್ರ್ಯಾಂಕುಗಳಲ್ಲಿ ಆ ದಾರಿಯ ತುದಿಗೆ ಪ್ಲಗ್ ಇರುತ್ತದೆ, ಅದನ್ನು ತೆಗೆದು ಬ್ರಷ್ ಹಾಕಿ ತೊಳೆಯಬೇಕು. ಬರೀ ಗಾಳಿ ಹೊಡೆದರೆ ಸಾಲದು. ತೊಳೆದ ಮೇಲೆ ಎಣ್ಣೆ ಸವರಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಲಾರಿ ಓಡುವ ರಸ್ತೆಯ ಬದಿಯಲ್ಲಲ್ಲ, ಮುಚ್ಚಿದ ಕೋಣೆಯಲ್ಲಿ ಜೋಡಿಸಬೇಕು. ಗ್ಯಾರೇಜಿಗೆ ಅಂಥ ಕೋಣೆ ಇಲ್ಲವೆಂದರೆ ಬೆಳಗಿನ ಜಾವ ಗಾಳಿಯಿಲ್ಲದ ಹೊತ್ತಿನಲ್ಲಿ, ನೆಲಕ್ಕೆ ನೀರು ಹೊಡೆದು ಕೆಲಸ ಮಾಡುವ ಮಿಸ್ತ್ರಿಯನ್ನು ಹುಡುಕಿ.

ಜೋಡಿಸಿದ ನಂತರ ಎಂಜಿನ್ನನ್ನು ಮೊದಲು ಸ್ಟಾರ್ಟರಿನಿಂದ ಬರೀ ತಿರುಗಿಸಿ ಆಯಿಲ್ ಒತ್ತಡ ಬಂದ ಮೇಲೆ ಚಾಲೂ ಮಾಡಬೇಕು. ಮೊದಲ 500 ಕಿಲೋಮೀಟರಿಗೆ ಆಯಿಲ್, ಫಿಲ್ಟರ್ ಎರಡೂ ಬದಲಿಸಬೇಕು. ಅಲ್ಲಿಯವರೆಗೆ ಭಾರ ಹೇರಬಾರದು, ಹಾಗೆಂದು ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಡಲೂಬಾರದು.

‘ಕ್ರ್ಯಾಂಕ್ ಬದಲಿಸಿದ್ರ ಆರ್‌ಸಿ ಬದಲಿಸಬೇಕು.’

ವಾಸ್ತವ: ಬೇಕಿಲ್ಲ. ಎಂಜಿನ್ ನಂಬರ್ ಇರುವುದು ಬ್ಲಾಕಿನ ಮೇಲೆ. ಬೇರೆ ಬ್ಲಾಕ್ ಅಥವಾ ಪೂರ್ತಿ ಎಂಜಿನ್ ತಂದು ಹಾಕಿದರೆ ಮಾತ್ರ ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನಂತೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ನಂಬರ್ ತಿದ್ದಿಸಬೇಕು. ಗುಜರಿಯಿಂದ ಎಂಜಿನ್ ಕೊಳ್ಳುವವರು ಅದರ ಕಾಗದವಿಲ್ಲದೆ ಕೊಳ್ಳಬಾರದು.

ಹಾಗಾದರೆ ಕ್ರ್ಯಾಂಕ್ ಬದಲಿಸಲೇಬೇಕಾದದ್ದು ಯಾವಾಗ? ಬಿರುಕು ಕಂಡಾಗ. ಕೊನೆಯ ಅಂಡರ್‌ಸೈಜನ್ನೂ ದಾಟಿ ಸವೆದಾಗ. ಬೇರಿಂಗ್ ಸುಟ್ಟು ಜರ್ನಲ್ ನೀಲಿಗಟ್ಟಿ, ಗಡಸು ಹೋಗಿದೆಯೆಂದು ಪರೀಕ್ಷೆಯಲ್ಲಿ ತಿಳಿದಾಗ. ವಿ-ಬ್ಲಾಕಿನ ಮೇಲಿಟ್ಟು ಡಯಲ್ ಗೇಜ್ ಹಿಡಿದು ತಿರುಗಿಸಿದಾಗ ನೇರ ಮಾಡಲಾಗದಷ್ಟು ಬಾಗು ಕಂಡಾಗ. ಇವಿಷ್ಟನ್ನು ಬಿಟ್ಟರೆ ದುರಸ್ತಿಯೇ ಸರಿ.

ಮುಂದೆ ಯಾರಾದರೂ ‘ಕ್ರ್ಯಾಂಕ್ ಹೋಗ್ಯಾದ’ ಎಂದರೆ ಎಷ್ಟು ಹೋಗಿದೆ ಎಂದು ಕೇಳಿ. ಪ್ರತಿ ಜರ್ನಲ್ಲಿನ ಅಳತೆ, ಬಾಗು, ಬಿರುಕಿನ ಪರೀಕ್ಷೆ, ಗ್ರೈಂಡ್ ಮಾಡಿದ ಸೈಜು ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಒಲ್ಲೆ ಎನ್ನುವ ಕಡೆ ಕ್ರ್ಯಾಂಕ್ ಬಿಡಬೇಡಿ. ಆ ಚೀಟಿಯನ್ನು ಆರ್‌ಸಿಯ ಜೊತೆಗೇ ಇಡಿ, ನಾಳೆ ಆ ಎಂಜಿನ್ ಬಿಚ್ಚುವ ಮಿಸ್ತ್ರಿಗೆ ಮೊದಲು ಬೇಕಾಗುವುದು ಅದೇ.